ರಕ್ತ ತೆಗೆದುಕೊಂಡು ಹೋದವರು ಫಲಿತಾಂಶ ಹೇಳಲು ಯಾಕೆ ಬರುವುದಿಲ್ಲ?

ಆಲೂರು ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಹಿಂದಿನ ಬೇಸಿಗೆಯಲ್ಲಿ ನಮ್ಮ ಊರಿಗೆ ಆರೋಗ್ಯ ಸಂಶೋಧನೆಯ ತಂಡವೊಂದು ಬಂದಿತ್ತು. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿಕೊಂಡು ಬಿಪಿ ನೋಡಿದರು, ಸೊಂಟದ ಸುತ್ತಳತೆ ತೆಗೆದರು, ರಕ್ತ ತೆಗೆದರು. ಏನು ತಿನ್ನುತ್ತೀರಿ, ಎಷ್ಟು ಬೀಡಿ ಸೇದುತ್ತೀರಿ, ಮನೆಯಲ್ಲಿ ಯಾರಾದರೂ ಎದೆನೋವಿನಿಂದ ತೀರಿಕೊಂಡಿದ್ದಾರೆಯೇ ಎಂದು ಉದ್ದನೆಯ ಪ್ರಶ್ನಾವಳಿ ತುಂಬಿಸಿಕೊಂಡರು. ಜನ ಕೂಲಿ ಬಿಟ್ಟು, ಬೆಳಗಿನ ಕಾಫಿಯನ್ನೂ ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಸಾಲು ನಿಂತಿದ್ದರು. ಆಮೇಲೆ ಆ ತಂಡದ ಸುಳಿವೇ ಇಲ್ಲ. ಜಗುಲಿ ಕೊಟ್ಟವನು ನಾನು, ಹಾಗಾಗಿ ಇಂದಿಗೂ ಜನ ನನ್ನನ್ನೇ ಕೇಳುತ್ತಾರೆ: "ಮೇಷ್ಟ್ರೇ, ನಮ್ಮ ರಕ್ತದಲ್ಲಿ ಏನು ಬಂತು?"

2025ರ ಜೂನ್ ತಿಂಗಳನ್ನು ಹಾಸನದವರು ಮರೆತಿರಲಾರರು. ಟಿವಿ ಪರದೆಯ ಮೂಲೆಯಲ್ಲಿ ಹೃದಯಾಘಾತದ ಸಾವಿನ ಸಂಖ್ಯೆ ದಿನದಿನವೂ ಏರುತ್ತಿತ್ತು. ಮಕ್ಕಳು ತರಗತಿಯಲ್ಲಿ ಎದ್ದು ನಿಂತು "ಸಾರ್, ನಮ್ಮ ಜಿಲ್ಲೆಯ ನೀರು ಕೆಟ್ಟಿದೆಯೇ?" ಎಂದು ಕೇಳಿದರು. ಜುಲೈನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು: ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ. ಹೆದರಿಕೆ ಮನೆಮನೆಗೂ ಬಂದಿತ್ತು. ಸಮಾಧಾನ ಮಾತ್ರ ಪತ್ರಿಕೆಯ ಒಂದು ಮೂಲೆಯಲ್ಲೇ ಉಳಿಯಿತು.

ನನ್ನ ಪ್ರಶ್ನೆ ಇಷ್ಟೇ. ಜನರ ಮೈಯಿಂದ, ಮನೆಯಿಂದ ಮಾಹಿತಿ ಪಡೆದವರಿಗೆ ಅದನ್ನು ತಿರುಗಿ ಬಂದು ಹೇಳುವ ಹೊಣೆ ಇಲ್ಲವೇ? ಇದ್ದರೆ ಹೇಗೆ ಹೇಳಬೇಕು? ಇಲ್ಲಿ ವೈದ್ಯರೂ ಆಶಾ ಕಾರ್ಯಕರ್ತೆಯರೂ ಇದ್ದೀರಿ. ದಯವಿಟ್ಟು ಬರೆಯಿರಿ.

ಬೇಲೂರು ಕಡೆಯವನು

ನಮ್ಮೂರಲ್ಲೂ ಇದೇ ಕಥೆ. ಅವರು ಕೊಟ್ಟುಹೋದ ಟೋಪಿ ಇದೆ, ಫಲಿತಾಂಶ ಇಲ್ಲ.

ಆಶಾ ಅರಕಲಗೂಡು

ಮೇಷ್ಟ್ರೇ, ನಿಮ್ಮನ್ನು ಕೇಳುವವರು ನಾಲ್ಕು ಜನ. ನಮ್ಮನ್ನು ಇಡೀ ಊರು ಕೇಳುತ್ತದೆ. "ಹೆಂಗಸರನ್ನು ಅಂಗನವಾಡಿಗೆ ಸೇರಿಸಿ" ಎಂದು ಹಿಂದಿನ ದಿನ ಫೋನ್ ಬರುತ್ತದೆ. ನಾವು ಮನೆಮನೆ ತಿರುಗಿ, "ನಿಮ್ಮ ಒಳ್ಳೆಯದಕ್ಕೇ ಅಕ್ಕ, ಬನ್ನಿ" ಎಂದು ಕರೆತರುತ್ತೇವೆ. ಅವರು ಬೆರಳು ಚುಚ್ಚಿಸಿಕೊಳ್ಳುವುದು ನಮ್ಮ ಮುಖ ನೋಡಿ, ಸಂಸ್ಥೆಯ ಹೆಸರು ನೋಡಿ ಅಲ್ಲ. ಫಲಿತಾಂಶ ಬಾರದಿದ್ದರೆ ಮುಂದಿನ ಸಲ ಮಗುವಿನ ಲಸಿಕೆಗೆ ಕರೆದಾಗಲೂ ಅದೇ ಮನೆಯವರು ಬಾಗಿಲು ಅರ್ಧ ತೆರೆದು ಮಾತನಾಡುತ್ತಾರೆ. ಈ ನಷ್ಟ ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.

ಹಿಮೋಗ್ಲೋಬಿನ್ ಎಷ್ಟು ಎಂಬುದು ಸ್ಥಳದಲ್ಲೇ ಯಂತ್ರದಲ್ಲಿ ಕಾಣುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಏನು ಕಷ್ಟ?

ಸರ್ವೆ ಚೀಲ

ನಾನು ಇಂಥ ತಂಡಗಳಲ್ಲಿ ಕ್ಷೇತ್ರ ಸಿಬ್ಬಂದಿಯಾಗಿ ಕೆಲಸ ಮಾಡಿದವನು. ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಮಾಹಿತಿ ಸಂಗ್ರಹ ಮುಗಿದ ತಿಂಗಳೇ ನಮ್ಮ ಗುತ್ತಿಗೆ ಮುಗಿಯುತ್ತದೆ. ವಿಶ್ಲೇಷಣೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ನಡೆಯುತ್ತದೆ. ಪ್ರಬಂಧ ಅಚ್ಚಾಗುವ ಹೊತ್ತಿಗೆ ಊರಿನ ದಾರಿ ಗೊತ್ತಿದ್ದವರು ಯಾರೂ ಆ ಯೋಜನೆಯಲ್ಲಿ ಇರುವುದಿಲ್ಲ. ಅರ್ಜಿಯಲ್ಲಿ "ಫಲಿತಾಂಶದ ಹಂಚಿಕೆ" ಎಂಬ ಅಂಕಣ ಇರುತ್ತದೆ, ಅದರ ಎದುರು "ಪ್ರಬಂಧ ಪ್ರಕಟಿಸಲಾಗುವುದು" ಎಂದು ಬರೆದರೆ ಮುಗಿಯಿತು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಸಮುದಾಯದ ಪಾಲ್ಗೊಳ್ಳುವಿಕೆಯ ಬಗ್ಗೆ, ಸಂಶೋಧನೆಯ ಲಾಭ ಜನರಿಗೆ ತಲುಪಬೇಕೆಂಬ ಬಗ್ಗೆ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಊರಿಗೆ ಮರಳಿ ಹೋಗುವ ಜೀಪಿನ ಬಾಡಿಗೆಗೆ ಬಜೆಟ್‌ನಲ್ಲಿ ಜಾಗ ಇರುವುದಿಲ್ಲ.

ಒಂದು ಯೋಜನೆಯಲ್ಲಿ ಮಾತ್ರ ನಮ್ಮ ಮೇಡಂ ಹಟ ಹಿಡಿದು ಹಣ ಉಳಿಸಿದ್ದರು. ಸಭೆ ಕರೆದರೆ ಜನ ಬರುವುದಿಲ್ಲ ಎಂದು ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಗೇ ಹೋದೆವು. ದೊಡ್ಡ ಅಕ್ಷರದ ಒಂದೇ ಹಾಳೆ. ಅದರಲ್ಲಿ ಶೇಕಡಾವಾರು ಇರಲಿಲ್ಲ. ಹತ್ತು ಜನರಲ್ಲಿ ಎಷ್ಟು ಜನರಿಗೆ ಬಿಪಿ ಹೆಚ್ಚಿದೆ, ಅವರಲ್ಲಿ ಎಷ್ಟು ಜನರಿಗೆ ಅದು ಗೊತ್ತೇ ಇರಲಿಲ್ಲ ಎಂದಷ್ಟೇ ಬರೆದಿದ್ದೆವು. ಕ್ಯಾನ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಪೂರ್ತಿ ಕೇಳಿಸಿಕೊಂಡು, "ಆ ಗೊತ್ತಿಲ್ಲದವರಲ್ಲಿ ನಾನು ಇದ್ದೇನೆಯೇ?" ಎಂದು ಕೇಳಿದರು. ಅದಕ್ಕಾಗಿಯೇ ಪ್ರತಿಯೊಬ್ಬರ ಹೆಸರಿನ ಲಕೋಟೆಯನ್ನೂ ಒಯ್ದಿದ್ದೆವು. ಅವರು ಅದನ್ನು ಅಲ್ಲಿ ಬಿಚ್ಚಲಿಲ್ಲ. ಸೆರಗಿಗೆ ಸಿಕ್ಕಿಸಿಕೊಂಡು ಮನೆಗೆ ಒಯ್ದು, ಮಗನಿಂದ ಓದಿಸಿ, ಸಂಜೆ ನಮ್ಮನ್ನು ಹುಡುಕಿಕೊಂಡು ಬಂದರು.

ಹಳ್ಳಿಯವರಿಗೆ ಅಂಕಿ ಅರ್ಥವಾಗುವುದಿಲ್ಲ ಎನ್ನುವವರು ಒಮ್ಮೆ ಡೇರಿಯ ಮುಂದೆ ನಿಲ್ಲಬೇಕು. ಹಾಲಿನ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ತೋರಿಸಿದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಲೆಕ್ಕ ಕೇಳುವ ಜನ ಅವರು.

ಚನ್ನರಾಯಪಟ್ಟಣ 573116

ಎಲ್ಲವನ್ನೂ ಎಲ್ಲರಿಗೂ ಹೇಳಬೇಕು ಎನ್ನುವುದಕ್ಕೆ ನನ್ನ ವಿರೋಧವಿದೆ. 2025ರಲ್ಲಿ ಆದದ್ದೇನು? ಸುದ್ದಿ ಹರಡಿತು, ಜನ ಬೆಳಗಿನ ಜಾವಕ್ಕೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ನಿಜವಾಗಿ ಎದೆನೋವು ಬಂದವರು ಆ ಗುಂಪಿನ ಹಿಂದೆ ನಿಲ್ಲಬೇಕಾಯಿತು. ಸಂಶೋಧಕರು ಅರೆಬೆಂದ ಮಾಹಿತಿಯನ್ನು ಹಂಚಿದರೆ ಹೀಗೇ ಆಗುತ್ತದೆ. ಖಚಿತವಾಗುವ ತನಕ ಬಾಯಿ ಮುಚ್ಚಿಕೊಂಡಿರುವುದೇ ಜವಾಬ್ದಾರಿ.

ಆಲೂರು ಮೇಷ್ಟ್ರು

ಸ್ವಾಮಿ, ಆ ಸುದ್ದಿ ಹರಡಿದ್ದು ಸಂಶೋಧಕರಲ್ಲ. ಅವರು ಮಾತನಾಡದೆ ಇದ್ದ ಕಡೆ ಬೇರೆಯವರು ಮಾತನಾಡಿದರು.

ಹಾಸನ ಆಟೋ

ನಾನು ಹಾಸನದಲ್ಲಿ ಆಟೋ ಓಡಿಸುತ್ತೇನೆ. ಜಯದೇವ ಸಮಿತಿಯ ಆ ವರದಿಯಲ್ಲಿ ಸತ್ತವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಆಟೋ, ಕ್ಯಾಬ್ ಚಾಲಕರು ಎಂದು ಇತ್ತಂತೆ. ಇದು ನನಗೆ ತಿಳಿದದ್ದು ಪ್ರಯಾಣಿಕರೊಬ್ಬರಿಂದ. ನಮ್ಮ ನಿಲ್ದಾಣಕ್ಕೆ ಬಂದು ಹೇಳಿದವರಿಲ್ಲ. ಆಮೇಲೆ ಮನೆಯಲ್ಲಿ ಹೆಂಡತಿ ರಾತ್ರಿ ಬಾಡಿಗೆಗೆ ಹೋಗಬೇಡಿ ಎಂದು ಅಳುತ್ತಾಳೆ. ಹೋಗದಿದ್ದರೆ ಕಂತು ಕಟ್ಟುವುದು ಹೇಗೆ? ಚಾಲಕನ ಕೆಲಸವೇ ಕಾರಣವೋ, ನಾವು ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಕಾರಣವೋ, ಗುಟ್ಕಾ ಕಾರಣವೋ? ಯಾವುದನ್ನು ಬಿಡಬೇಕು ಎಂದು ಹೇಳಿದರೆ ಬಿಡುತ್ತೇವೆ.

ಸಕಲೇಶಪುರ ವೈದ್ಯೆ

ಅಣ್ಣ, ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲೇಬೇಕು.

ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವಲ್ಲ. ಉಳಿದ 20ರಲ್ಲೂ ಕೆಲವು ಮಾತ್ರ ಇಸಿಜಿ, ಮರಣೋತ್ತರ ಪರೀಕ್ಷೆಗಳಿಂದ ಖಚಿತವಾದವು. ಮಿಕ್ಕವು ಮನೆಯಲ್ಲೇ ಆದ ಹಠಾತ್ ಸಾವುಗಳು, ಹಾಗಾಗಿ "ಹೃದಯದಿಂದ ಇರಬಹುದು" ಎಂದು ವರ್ಗೀಕರಿಸಿದವು. 20ರಲ್ಲಿ ಆರು ಚಾಲಕರು ಎಂದರೆ ಗಮನ ಕೊಡಬೇಕಾದ ಸಂಗತಿ. ಆದರೆ ಆಟೋ ಓಡಿಸಿದ್ದರಿಂದಲೇ ಸತ್ತರು ಎಂದು ಅದರಿಂದ ಹೇಳಲು ಬರುವುದಿಲ್ಲ. ಹೆಚ್ಚು ಹೊತ್ತು ಕೂತು ಕೆಲಸ, ನಿದ್ದೆಗೇಡು, ತಂಬಾಕು, ಹೊತ್ತು ತಪ್ಪಿದ ಊಟ, ಬಿಪಿ ಪರೀಕ್ಷೆಗೆ ಪುರುಸೊತ್ತಿಲ್ಲದಿರುವುದು, ಇವೆಲ್ಲ ಚಾಲಕರಲ್ಲಿ ಒಟ್ಟಿಗೆ ಸೇರಿರುತ್ತವೆ. ತಂಬಾಕು ಬಿಡಿ, ಬಿಪಿ ಮತ್ತು ಸಕ್ಕರೆ ನೋಡಿಸಿ. ಇವೆರಡನ್ನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಇನ್ನೊಂದು ಮಾತು ಎಲ್ಲರಿಗೂ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಬಂದಾಗ "ಗ್ಯಾಸ್ಟ್ರಿಕ್" ಎಂದುಕೊಂಡು ಸೋಡಾ ಕುಡಿದು ಮಲಗುವವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ನೇರ ಮೈಸೂರಿಗೆ ಗಾಡಿ ಕಟ್ಟುವವರೂ ಇದ್ದಾರೆ. ಅದೂ ತಪ್ಪು. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೈಸೂರಿನ ದಾರಿಯಲ್ಲಿ ಕಳೆಯುವ ಎರಡು ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ಹಾಸನ ಆಟೋ

ಮೇಡಂ, ಈ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ನಿಲ್ದಾಣದಲ್ಲಿ ಅಂಟಿಸುತ್ತೇವೆ.

ಸತ್ಯ ಹುಡುಕಾಟ

ಎಲ್ಲರೂ ಸುತ್ತಿ ಬಳಸಿ ಮಾತನಾಡುತ್ತಿದ್ದೀರಿ. ಕೋವಿಡ್ ಲಸಿಕೆಯ ಬಗ್ಗೆ ಒಬ್ಬರೂ ಬಾಯಿ ಬಿಡುತ್ತಿಲ್ಲ. ಲಸಿಕೆ ತೆಗೆದುಕೊಂಡ ಮೇಲೆಯೇ ಎಳೆಯರು ಸಾಯುತ್ತಿರುವುದು ಕಣ್ಣಿಗೆ ಕಾಣುತ್ತಿದೆ. ದೊಡ್ಡ ರಾಜಕಾರಣಿಗಳೇ ಅನುಮಾನ ವ್ಯಕ್ತಪಡಿಸಿದ್ದರು.

ಅಂಕಿಸಂಖ್ಯೆ ವಿದ್ಯಾರ್ಥಿನಿ

ಬಾಯಿ ಬಿಡುತ್ತೇನೆ. ಇದರ ಬಗ್ಗೆ ಐಸಿಎಂಆರ್ ಅಧ್ಯಯನ ನಡೆದಿದೆ, 2023ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಗಿದೆ. ದೇಶದ 47 ಆಸ್ಪತ್ರೆಗಳು ಪಾಲ್ಗೊಂಡಿದ್ದವು. 18ರಿಂದ 45 ವರ್ಷದ, ಆರೋಗ್ಯವಾಗಿಯೇ ಇದ್ದು ಹಠಾತ್ತಾಗಿ ತೀರಿಕೊಂಡ 729 ಜನರ ಮನೆಗಳಿಗೆ ಹೋಗಿ ವಿವರ ಪಡೆದರು. ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ, ಬದುಕಿರುವ 2,916 ಜನರೊಂದಿಗೆ ಹೋಲಿಸಿದರು. ಲಸಿಕೆಯೇ ಕೊಂದಿದ್ದರೆ ಸತ್ತವರಲ್ಲಿ ಲಸಿಕೆ ಪಡೆದವರ ಪ್ರಮಾಣ ಹೆಚ್ಚಿರಬೇಕಿತ್ತು. ಕಂಡದ್ದು ತದ್ವಿರುದ್ಧ: ಎರಡು ಡೋಸ್ ಪಡೆದವರಿಗೆ ಅಪಾಯ ಕಡಿಮೆ. ಅಪಾಯ ಹೆಚ್ಚಿಸಿದ್ದು ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಹಿಂದಿನ 48 ಗಂಟೆಯಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ.

"ಲಸಿಕೆಯ ನಂತರ ಸತ್ತರು" ಎನ್ನುತ್ತೀರಿ. ದೇಶದ ಹೆಚ್ಚುಕಡಿಮೆ ಎಲ್ಲ ವಯಸ್ಕರೂ ಲಸಿಕೆ ಪಡೆದ ಮೇಲೆ ಯಾರು ಸತ್ತರೂ ಲಸಿಕೆಯ ನಂತರವೇ ಸಾಯುತ್ತಾರೆ. ಹೋಲಿಕೆ ಮಾಡದೆ ಕಾರಣ ತಿಳಿಯುವುದಿಲ್ಲ.

ಆ ಪ್ರಬಂಧವನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಓದಲು ಇಂಗ್ಲಿಷ್ ಬೇಕು, ಅದೂ ವೈದ್ಯಕೀಯ ಇಂಗ್ಲಿಷ್. ವಾಟ್ಸ್‌ಆ್ಯಪ್‌ನ ಸುಳ್ಳು ಅಚ್ಚ ಕನ್ನಡದಲ್ಲಿ, ಹಿನ್ನೆಲೆ ಸಂಗೀತದ ಜೊತೆ ಬಂತು. ನನಗೆ ಸಿಟ್ಟಿರುವುದು ಇದಕ್ಕೇ.

ಸತ್ಯ ಹುಡುಕಾಟ

ಐಸಿಎಂಆರ್ ಸರ್ಕಾರದ್ದು. ಸರ್ಕಾರವೇ ಕೊಟ್ಟ ಲಸಿಕೆ. ತನ್ನ ತಪ್ಪನ್ನು ತಾನೇ ಒಪ್ಪುತ್ತದೆಯೇ?

ನಿವೃತ್ತ ಪ್ರಾಧ್ಯಾಪಕ, ಚಿಕ್ಕಮಗಳೂರು

ಅನುಮಾನ ಪಡುವುದನ್ನು ನಾನು ತಪ್ಪೆನ್ನುವುದಿಲ್ಲ. ಯಾರ ಹಣದಲ್ಲಿ ಅಧ್ಯಯನ ನಡೆಯಿತು ಎಂದು ಕೇಳುವುದು ನಾಗರಿಕರ ಹಕ್ಕು. ನಮ್ಮ ಮಲೆನಾಡಿನಲ್ಲೇ ಇದಕ್ಕೆ ಇತಿಹಾಸವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ಅದನ್ನು ಕಂಡುಹಿಡಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿತ್ತು. ಈ ವೈರಸ್ ರಷ್ಯಾದ ಕಡೆಯ ವೈರಸ್‌ಗಳಿಗೆ ಹತ್ತಿರದ್ದೆಂದು ತಿಳಿದಾಗ ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂದು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನ ಶುರುವಾಯಿತು. ಆ ಹಕ್ಕಿ ಅಧ್ಯಯನಕ್ಕೆ ಮುಂದೆ ಅಮೆರಿಕದ ಸೇನೆಯ ಹಣವೂ ಬಂದಿತ್ತು. ಸುದ್ದಿ ಹೊರಬಿದ್ದಾಗ ದೊಡ್ಡ ಗದ್ದಲವೆದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಕಟುವಾದ ವರದಿ ಕೊಟ್ಟಿತು. ವಿಜ್ಞಾನಿಗಳು ಮಾಡಿದ ಕೆಲಸ ಒಳ್ಳೆಯದೇ ಇದ್ದಿರಬಹುದು. ಹಣದ ಮೂಲವನ್ನು ಮೊದಲೇ ಊರಿಗೆ ಹೇಳಿದ್ದರೆ ಅಷ್ಟು ಕಾಲ ಗುಮಾನಿ ಉಳಿಯುತ್ತಿರಲಿಲ್ಲ.

ಆದರೆ ಗುಮಾನಿ ಸಾಕ್ಷ್ಯವಾಗುವುದಿಲ್ಲ. ಅಧ್ಯಯನದ ವಿಧಾನದಲ್ಲಿ ದೋಷವಿದ್ದರೆ ತೋರಿಸಿ, ಚರ್ಚಿಸೋಣ.

ಕೊಪ್ಪ ತೋಟದ ಮನೆ

ಮಂಗನ ಕಾಯಿಲೆಯ ಮಾತು ಬಂದಿತಲ್ಲ, ಅದನ್ನು ಅನುಭವಿಸಿದವರ ಕಡೆಯಿಂದ ಬರೆಯುತ್ತೇನೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯವರಿಗೆ ಜನವರಿ ಬಂತೆಂದರೆ ಎದೆ ಢವಗುಟ್ಟುತ್ತದೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗದೆ ವಿಧಿಯಿಲ್ಲ, ಹೋದರೆ ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳು) ಕಚ್ಚುತ್ತದೆ. ಕಡುಬೇಸಿಗೆ ಕಳೆಯುವ ತನಕ ಇದೇ ಪಾಡು.

ನಮ್ಮಲ್ಲಿ ಈ ಕಾಯಿಲೆಗೆ ವರ್ಷಗಟ್ಟಲೆ ಲಸಿಕೆ ಕೊಟ್ಟರು. ತೋಳು ಊದಿ ಎರಡು ದಿನ ಕೆಲಸಕ್ಕೆ ಬಾರದಷ್ಟು ನೋವು. ಹಾಗಾಗಿ ಅನೇಕರು ಮೊದಲ ಡೋಸ್‌ಗೆ ಕೈಮುಗಿದು ಎರಡನೆಯದಕ್ಕೆ ಹೋಗಲಿಲ್ಲ. 2013ರಲ್ಲೇ ಪ್ರಕಟವಾದ ಒಂದು ಅಧ್ಯಯನ 2005ರಿಂದ 2010ರ ತನಕದ ದಾಖಲೆಗಳನ್ನು ನೋಡಿ ಹೇಳಿತ್ತು: ಒಂದೇ ಡೋಸ್‌ನಿಂದ ರಕ್ಷಣೆ ಕಾಣುವುದಿಲ್ಲ, ಎರಡು ಡೋಸ್‌ಗೆ ಸುಮಾರು ಶೇ 62, ಬೂಸ್ಟರ್‌ಗಳೂ ಸೇರಿದರೆ ಸುಮಾರು ಶೇ 83. ಈ ಮೂರು ಅಂಕಿಗಳು ನಮ್ಮ ಊರಿನ ಪ್ರತಿ ಕೂಲಿಯಾಳಿಗೂ ಗೊತ್ತಿರಬೇಕಿತ್ತು. ಒಂದು ಡೋಸ್ ಹಾಕಿಸಿಕೊಂಡವರು ತಮಗಿನ್ನು ಭಯವಿಲ್ಲವೆಂದು ಕಾಡಿಗೆ ಹೋದರು. ನನಗೆ ಇದು ಗೊತ್ತಾದದ್ದು ಬೆಂಗಳೂರಿನಲ್ಲಿ ಓದುವ ಮಗಳು ಪ್ರಬಂಧವನ್ನು ಹುಡುಕಿ ಓದಿ ಹೇಳಿದಾಗ. ಆ ಹೊತ್ತಿಗೆ ಲಸಿಕೆಯೇ ನಿಂತುಹೋಗಿತ್ತು. 2022ರಲ್ಲಿ ನಿಲ್ಲಿಸಿದಾಗಲೂ ಯಾಕೆಂದು ಊರಿಗೆ ಬಂದು ವಿವರಿಸಿದವರಿಲ್ಲ. ಈಗ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ. ಹೊಸ ಲಸಿಕೆಯ ಕೆಲಸ ಐಸಿಎಂಆರ್ ಕಡೆಯಿಂದ ನಡೆಯುತ್ತಿದೆ. ಅದು ಬಂದಾಗ ಮತ್ತೆ ಇದೇ ತಪ್ಪು ಆಗಬಾರದು ಎಂದೇ ಇಷ್ಟು ಉದ್ದ ಬರೆದೆ.

ಒಳ್ಳೆಯದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಶ್ಚಿಮಘಟ್ಟದ ಈ ಕಾಯಿಲೆಯ ಮೇಲೆ ಏಟ್ರೀಯಂಥ ಪರಿಸರ ಸಂಶೋಧನಾ ಸಂಸ್ಥೆ, ಪಶುರೋಗ ತಜ್ಞರು, ಇಂಗ್ಲೆಂಡಿನ ವಿಜ್ಞಾನಿಗಳು ಕೂಡಿ ಕೆಲಸ ಮಾಡಿದರು. ಅಪಾಯದ ಜಾಗಗಳ ನಕ್ಷೆಯನ್ನು ತಾವೇ ಬರೆದು ಕೊಡುವ ಬದಲು ಆರೋಗ್ಯ ಇಲಾಖೆಯವರನ್ನೂ ಸ್ಥಳೀಯರನ್ನೂ ಮೊದಲೇ ಕೂರಿಸಿಕೊಂಡು ಏನು ಬೇಕು ಎಂದು ಕೇಳಿ ಮಾಡಿದರು. ಆ ದಾರಿ ಸರಿ.

ಬೇಲೂರು ಕಡೆಯವನು

ದರಗು ತರುವವರು ಗಮ್‌ಬೂಟ್ ಹಾಕಿದರೆ ಉಣುಗು ಹತ್ತುವುದಿಲ್ಲವೇ?

ಕೊಪ್ಪ ತೋಟದ ಮನೆ

ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಯಸಳೂರು ಕಾಫಿ

ನಮ್ಮ ಕಡೆ ಕಾಡಾನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲ್‌ಗೆ ಬರುತ್ತದೆ, ರಸ್ತೆಬದಿಯ ಫಲಕದಲ್ಲೂ ಬರುತ್ತದೆ. ಕನ್ನಡದಲ್ಲಿ, ಎರಡೇ ಸಾಲಿನಲ್ಲಿ. ಓದಿದ ಮೇಲೆ ತೋಟಕ್ಕೆ ಆಳು ಕಳುಹಿಸಬೇಕೇ ಬೇಡವೇ ಎಂದು ತಕ್ಷಣ ತೀರ್ಮಾನಿಸುತ್ತೇವೆ. ಆರೋಗ್ಯದ ವಿಷಯವನ್ನೂ ಹೀಗೆ ಹೇಳಲು ಯಾಕಾಗದು?

ಚನ್ನರಾಯಪಟ್ಟಣ 573116

ಆನೆ ಕಣ್ಣಿಗೆ ಕಾಣುತ್ತದೆ, ಎಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಸಂಶೋಧನೆಯಲ್ಲಿ "ಇರಬಹುದು" ಎಂಬ ಮಾತೇ ಹೆಚ್ಚು. ಎರಡು ಸಾಲಿನಲ್ಲಿ ಬರೆಯಲು ಹೋದರೆ ಮೊದಲು ಬಿದ್ದುಹೋಗುವುದೇ ಆ "ಇರಬಹುದು".

ಸಕಲೇಶಪುರ ವೈದ್ಯೆ

ಇದು ಒಪ್ಪಬೇಕಾದ ಮಾತು. ಆದರೆ ಅನಿಶ್ಚಿತತೆಯನ್ನೂ ಕನ್ನಡದಲ್ಲಿ ಹೇಳಬಹುದು. "ಇಷ್ಟು ಗೊತ್ತಾಗಿದೆ, ಇಷ್ಟು ಗೊತ್ತಾಗಿಲ್ಲ, ಗೊತ್ತಾಗುವ ತನಕ ಇದನ್ನು ಮಾಡಿ" ಎಂದು ರೋಗಿಯ ಮನೆಯವರಿಗೆ ನಾನು ದಿನವೂ ಹೇಳುತ್ತೇನೆ. ಅವರು ಹೆದರಿ ಓಡುವುದಿಲ್ಲ. ಹೆದರುವುದು ನಾವು ಮುಚ್ಚಿಟ್ಟಿದ್ದೇವೆ ಎಂದು ಅನ್ನಿಸಿದಾಗ. ನಿಮ್ಹಾನ್ಸ್‌ನ ಮನೋವೈದ್ಯರು ದಶಕಗಳಿಂದ ಮಾನಸಿಕ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆಯುತ್ತಾ ಬಂದಿದ್ದಾರೆ. ಅದನ್ನು ಓದಿ ಮನೆಯವರನ್ನು ಚಿಕಿತ್ಸೆಗೆ ಕರೆತಂದವರನ್ನು ನಾನೇ ನೋಡಿದ್ದೇನೆ.

ಅಂಕಿಸಂಖ್ಯೆ ವಿದ್ಯಾರ್ಥಿನಿ

ಪಕ್ಕದ ಮೈಸೂರಿನದೇ ಉದಾಹರಣೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಅವರನ್ನು ಹುಡುಕಿ ಹೃದಯ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡಿತು. 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಸುರಿಯರ ಊಟಕ್ಕೂ ಮುಂದಿನ ಪೀಳಿಗೆಯ ಹೃದಯಕ್ಕೂ ನಂಟಿರಬಹುದು ಎಂಬ ಈ ವಿಷಯ ಹಾಸನದ ಎಷ್ಟು ತಾಯಂದಿರಿಗೆ ಗೊತ್ತಿದೆ? ಆಶಾ ಅಕ್ಕ, ನಿಮ್ಮ ತರಬೇತಿಯಲ್ಲಿ ಹೇಳುತ್ತಾರೆಯೇ?

ಆಶಾ ಅರಕಲಗೂಡು

ಕಡಿಮೆ ತೂಕದ ಮಗುವನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಿದ್ದಾರೆ. ಐವತ್ತು ವರ್ಷದ ನಂತರದ ಮಾತನ್ನು ನಾನು ಈಗಲೇ ಕೇಳುತ್ತಿರುವುದು.

ಇನ್ನೊಂದು ವಿಷಯ. ಡೇರಿಯಲ್ಲಿ ಲಕೋಟೆ ಕೊಟ್ಟರು ಎಂದು ಸರ್ವೆ ಚೀಲ ಅಣ್ಣ ಬರೆದಿದ್ದಾರೆ. ಲಕೋಟೆ ಆದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಒಂದು ತಂಡದವರು ಅಂಗನವಾಡಿಯಲ್ಲಿ ಎಲ್ಲರೆದುರು ಒಬ್ಬ ಹುಡುಗಿಯ ಹೆಸರು ಕೂಗಿ "ನಿಮಗೆ ಸಕ್ಕರೆ ಇದೆ" ಎಂದುಬಿಟ್ಟರು. ಆ ಹುಡುಗಿಗೆ ಗಂಡು ನೋಡುತ್ತಿದ್ದರು. ಮಾತು ಗಂಡಿನ ಮನೆಗೆ ಮುಟ್ಟಿತು, ಅವರು ಮತ್ತೆ ಬರಲಿಲ್ಲ. ಆಕೆಯ ತಾಯಿ ಇಂದಿಗೂ ನನ್ನ ಜೊತೆ ಮಾತನಾಡುವುದಿಲ್ಲ. ಊರಿನ ಲೆಕ್ಕವನ್ನು ಎಲ್ಲರ ಮುಂದೆ ಹೇಳಿ. ಒಬ್ಬೊಬ್ಬರ ಲೆಕ್ಕ ಅವರವರ ಕೈಗೆ ಮಾತ್ರ ಕೊಡಿ.

ನಿವೃತ್ತ ಪ್ರಾಧ್ಯಾಪಕ, ಚಿಕ್ಕಮಗಳೂರು

ಈ ಅಮ್ಮ ಹೇಳಿದ್ದನ್ನು ಸಂಶೋಧನೆಗೆ ಅನುಮತಿ ಕೊಡುವ ಪ್ರತಿ ನೈತಿಕ ಸಮಿತಿಯ ಮುಂದೆ ಓದಬೇಕು. ಆ ಸಮಿತಿಗಳಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕೆಂಬ ನಿಯಮವಿದೆ. ಆ ಕುರ್ಚಿಯಲ್ಲಿ ಇಂಥವರು ಕೂರಬೇಕು.

ಹಾಸನ ರೇಡಿಯೊ ಕೇಳುಗ

ಆಕಾಶವಾಣಿ ಹಾಸನ ಇದೆಯಲ್ಲ. ಡೇರಿ, ತೋಟ, ಅಡುಗೆಮನೆ, ಎಲ್ಲ ಕಡೆ ಕೇಳುತ್ತದೆ. ಸಂಶೋಧಕರು ಅಲ್ಲಿಗೆ ಬಂದು ಕೇಳುಗರ ಪ್ರಶ್ನೆಗೆ ನೇರವಾಗಿ ಉತ್ತರಿಸಲಿ. ಭಾಷಣ ಬೇಡ.

ನಿರ್ವಾಹಕ

ಲಸಿಕೆಯ ಬಗ್ಗೆ ಬಂದ ಎರಡು ಹಳೆಯ ವಿಡಿಯೊ ಕೊಂಡಿಗಳನ್ನು ತೆಗೆದಿದ್ದೇನೆ. ಅನುಮಾನ ಕೇಳಿ, ಸತ್ತವರ ಫೋಟೊ ಹಾಕಬೇಡಿ. ಅವರ ಮನೆಯವರೂ ಇಲ್ಲಿ ಓದುತ್ತಾರೆ.

ಸರ್ವೆ ಚೀಲ

ಮೇಷ್ಟ್ರೇ, ನಿಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ರಕ್ತ ಕೊಟ್ಟವರ ಬಳಿ ಒಪ್ಪಿಗೆ ಪತ್ರದ ಜೊತೆ ಕೊಟ್ಟ ಮಾಹಿತಿ ಹಾಳೆ ಇದೆಯೇ ನೋಡಿ. ಪಡಿತರ ಚೀಟಿಯ ಜೊತೆ ಮಡಚಿಟ್ಟಿರುತ್ತಾರೆ. ಅದರಲ್ಲಿ ಮುಖ್ಯ ಸಂಶೋಧಕರ ಮತ್ತು ನೈತಿಕ ಸಮಿತಿಯ ಸಂಪರ್ಕ ಇರಬೇಕು. ಹಾಳೆ ಸಿಗದಿದ್ದರೆ ಸಿಟಿಆರ್‌ಐ ಎಂಬ ಕೇಂದ್ರ ಸರ್ಕಾರದ ನೋಂದಣಿ ಜಾಲತಾಣವಿದೆ, 2007ರಿಂದ ನಡೆಯುತ್ತಿದೆ. ಔಷಧ ಪ್ರಯೋಗಗಳಲ್ಲದೆ ಇಂಥ ಸಮೀಕ್ಷೆಗಳನ್ನೂ ಕೆಲವರು ಅಲ್ಲಿ ನೋಂದಾಯಿಸುತ್ತಾರೆ. ಸಾರ್ವಜನಿಕರ ಪ್ರಶ್ನೆಗೆ ಉತ್ತರಿಸಬೇಕಾದವರ ವಿವರ ಅಲ್ಲಿ ಪ್ರತ್ಯೇಕವಾಗಿ ಇರುತ್ತದೆ. ನೇರವಾಗಿ ಪತ್ರ ಬರೆಯಿರಿ, ನೈತಿಕ ಸಮಿತಿಗೂ ಒಂದು ಪ್ರತಿ ಹಾಕಿ. ಸಮಿತಿಗೆ ಪ್ರತಿ ಹೋಗಿದೆ ಎಂದರೆ ಉತ್ತರ ಬೇಗ ಬರುತ್ತದೆ.

ಆಲೂರು ಮೇಷ್ಟ್ರು

ಹಾಳೆ ಸಿಕ್ಕಿತು, ಪಕ್ಕದ ಮನೆಯವರ ಬಳಿ ಇತ್ತು. ಹೆಸರು, ವಿಳಾಸ ಎರಡೂ ಇವೆ. ಪತ್ರವನ್ನು ಕನ್ನಡದಲ್ಲೇ ಬರೆಯುತ್ತೇನೆ, ರಕ್ತ ಕೊಟ್ಟವರೆಲ್ಲ ಸಹಿ ಹಾಕುತ್ತಾರೆ.

ಅಂಕಿಸಂಖ್ಯೆ ವಿದ್ಯಾರ್ಥಿನಿ

ಸಾರ್, ಫಲಿತಾಂಶ ಕೇಳುವಾಗ ಊರಿನ ಒಟ್ಟು ಲೆಕ್ಕ, ಒಬ್ಬೊಬ್ಬರ ವರದಿ, ಎರಡನ್ನೂ ಬೇರೆಬೇರೆಯಾಗಿ ಕೇಳಿ. ಬರೀ "ಫಲಿತಾಂಶ" ಎಂದರೆ ಪ್ರಬಂಧದ ಕೊಂಡಿ ಕಳುಹಿಸಿ ಸುಮ್ಮನಾಗುತ್ತಾರೆ.

ಹಾಸನ ಆಟೋ

ವೈದ್ಯೆ ಮೇಡಂ ಕಳುಹಿಸಿದ ಹಾಳೆ ತಲುಪಿತು. ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಇಸಿಜಿ ಮಾಡುತ್ತಾರೆಯೇ ಎಂದು ಹುಡುಗರು ಕೇಳುತ್ತಿದ್ದಾರೆ.

ಸಕಲೇಶಪುರ ವೈದ್ಯೆ

ತುರ್ತು ವಿಭಾಗದಲ್ಲಿ ಮಾಡುತ್ತಾರೆ. ಹೊರರೋಗಿ ಚೀಟಿಗೆ ಕಾಯಬೇಡಿ. ಒಳಗೆ ಹೋದ ಕೂಡಲೇ "ಎದೆನೋವು" ಎಂಬ ಮಾತನ್ನು ಮೊದಲು ಹೇಳಿ.